ಸಂಜೆಗೆ ತಪ್ಪುವ ಪರೀಕ್ಷೆ

ಅಡುಗೆಮನೆಯಲ್ಲಿ ತಟ್ಟೆಗೆ ಚಮಚ ತಾಗಿದ ಸದ್ದು ಒಮ್ಮೆ ಕೇಳಿ ನಿಂತಿತು. ಯುಸ್ನಿದಾರ್ ಸಹೂರ್ ಉಣ್ಣುತ್ತಿದ್ದಾಳೆ, ಬೆಳಕು ಹರಿಯುವ ಮೊದಲಿನ ಉಪವಾಸದ ಊಟ, ಎಂದು ಗೋಡೆಯ ಈಚೆ ಕೂತಿದ್ದ ಗಂಡ ಪಂಬುದಿಗೆ ತಿಳಿಯಿತು. ಯಾರನ್ನೋ ಎಬ್ಬಿಸಬಾರದು ಎಂಬಂತೆ ಅವಳು ಉಣ್ಣುವುದು. ನಿದ್ದೆ ಕೆಟ್ಟೀತು ಎನ್ನುವವರು ಈಗ ಈ ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಅಭ್ಯಾಸ ಕೈಯಲ್ಲಿ ಉಳಿದುಬಿಟ್ಟಿತ್ತು. ಇವತ್ತು ಮಂಗಳವಾರ, ಸಂತೆದಿನ ಲೆಗಿ. ಏಳು ವಾರಗಳೂ ಐದು ಸಂತೆದಿನಗಳೂ ಒಂದರೊಳಗೊಂದು ಹೆಣೆದುಕೊಂಡು ಮೂವತ್ತೈದು ದಿನಕ್ಕೊಮ್ಮೆ ಅದೇ ಜೋಡಿ ಮರಳಿ ಬರುತ್ತದೆ. ಹಾಗೆ ಬಂದಾಗಲೆಲ್ಲ ಮಗು ಹುಟ್ಟಿದ ಜೋಡಿಯ ದಿನ ತಾಯಿ ಉಪವಾಸವಿರುತ್ತಾಳೆ. ಮಗು ಇರುವವರೆಗೆ ಅದರ ಒಳ್ಳೆಯದಕ್ಕೆ. ಮಗು ಹೋದ ಮೇಲೆ ಯಾತಕ್ಕೆ ಎಂದು ಅವನು ಅವಳನ್ನು ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ದೇವರಿಗೆ ಗೊತ್ತಿದ್ದರೆ ಸಾಕು ಎನ್ನುವಂಥ ಸಂಗತಿಗಳು ಒಂದು ಸಂಸಾರದಲ್ಲಿ ಒಂದೆರಡಾದರೂ ಇರುತ್ತವೆ.

ಕಂಪ್ಯೂಟರಿನ ಪರದೆಯಲ್ಲಿ ರೋಸಿತಾಳ ಮುಖ ಮೂಡಿತು. ಹಿಂದೆ ಬೆಳಕೇ ಬೆಳಕು. ಅವಳದು ಸೂರಿನಾಮ್. ಅವಳ ಮುತ್ತಜ್ಜಂದಿರನ್ನು ಇದೇ ಜಾವಾದ ಹಳ್ಳಿಗಳಿಂದ ಕಬ್ಬು ಕಡಿಯಲು ಹಡಗಿನಲ್ಲಿ ತುಂಬಿಕೊಂಡು ಹೋದ ದೇಶ. ಇಲ್ಲಿ ಬೆಳಗಿನ ಜಾವ, ಅಲ್ಲಿ ಹಿಂದಿನ ದಿನದ ಇಳಿಹೊತ್ತು.

"ಏ ಅಣ್ಣಾ, ಎದ್ದೀಯೇನು? ಮುಖ ಯಾಕ ಹಂಗ ಒಣಗೇತಿ? ಯಾರರ ಸತ್ತಾರೇನು?"

"ಇಲ್ಲ. ಇಲ್ಲಿ ಇನ್ನೂ ಬೆಳಗಾಗಿಲ್ಲ."

"ನಮ್ಮಲ್ಲಿ ಇನ್ನೂ ಮುಳುಗಿಲ್ಲ. ತಡಿ, ಕಿಟಕಿ ಕಡೆ ತಿರಗಸ್ತೀನಿ. ನೋಡು, ನದಿ ಆಚೀಕ ಹ್ಯಾಂಗ ಕುಂತಾನ, ಹೊಟ್ಟಿ ತುಂಬಿದ ಎಮ್ಮಿ ಹಂಗ!"

ಅವಳ 'ನೀನು' ಇವತ್ತೂ ಅವನ ಕಿವಿಗೆ ಚುಚ್ಚಿತು. ಜಾವಾ ಮಾತಿನಲ್ಲಿ ಮೇಲಿನ ನುಡಿ ಬೇರೆ, ಕೆಳಗಿನ ನುಡಿ ಬೇರೆ. ಅಪರಿಚಿತರಿಗೆ, ಹಿರಿಯರಿಗೆ ಮೇಲಿನದು, ಮನೆಯ ಮಕ್ಕಳಿಗೂ ಎತ್ತಿಗೂ ಕೆಳಗಿನದು. ಹಡಗು ಹತ್ತಿದವರ ಜೊತೆ ಕೆಳಗಿನದೊಂದೇ ಹೋಗಿ ಅಲ್ಲಿ ಅದೇ ಎಲ್ಲರ ಮಾತಾಯಿತು ಎಂದು ಈಗ ಅವನಿಗೆ ಗೊತ್ತು. ಆಗಲೂ ಗೊತ್ತಿತ್ತೇನೋ. ಎರಡು ವರ್ಷದ ಹಿಂದೆ ಅವನ ದಿನಲೆಕ್ಕದ ತಂತ್ರಾಂಶದ ಬಗ್ಗೆ ಅವಳ ಮೊದಲ ಸಂದೇಶ ಬಂದಾಗ, "ಅಣ್ಣಾ, ನಿನ್ನ ಪರೀಕ್ಷಿ ಸಂಜೀಮುಂದ ಬೀಳತೈತಿ, ಹಗಲೆಲ್ಲ ನೆಟ್ಟಗ ಇರತೈತಿ, ಮುಳುಗಿದ ಮ್ಯಾಲ ಒಮ್ಮಿ ನೋಡು" ಎಂದು ಎಲ್ಲರೂ ಓದುವ ಜಾಗದಲ್ಲಿ ಬರೆದಿದ್ದಳು. ಅವನು ಓದಿದ್ದು 'ನೋಡು' ಎಂಬ ಒಂದೇ ಪದವನ್ನು. ಇದೇ ಕೋತಗೆದೆಯ ಬೆಳ್ಳಿಕೆಲಸದವರ ಕೇರಿಯಲ್ಲಿ ಹುಟ್ಟಿ, ಅರಮನೆಯವರ ಎದುರು ಮೇಲಿನ ನುಡಿಯನ್ನು ತಪ್ಪಿಲ್ಲದೆ ಆಡುತ್ತಿದ್ದ ಅಪ್ಪನ ಮಗ ತಾನು. ಇವಳು ಯಾರು, ಹಿತ್ತಲ ಬಾಗಿಲಿಂದ ಕೂಗಿದಂತೆ ಕೂಗುವವಳು? "ನಮ್ಮಲ್ಲಿ ಸರಿಯಾಗಿ ಓಡುತ್ತಿದೆ. ದಯವಿಟ್ಟು ತಮ್ಮ ಯಂತ್ರವನ್ನು ಪರಿಶೀಲಿಸಿಕೊಳ್ಳಬೇಕು" ಎಂದು ಮೇಲಿನ ನುಡಿಯಲ್ಲಿ, ಒಂದೊಂದು ಅಕ್ಷರವನ್ನೂ ಇಸ್ತ್ರಿ ಮಾಡಿದಂತೆ ಬರೆದು, ದೂರನ್ನು ಮುಚ್ಚಿಹಾಕಿದ್ದ. ಬರೆದು ಮುಗಿಸಿದಾಗ ಮೈಯಲ್ಲಿ ಸಣ್ಣ ಸುಖ ಹರಿದಿತ್ತು. ಆ ಸುಖ ಈಗ ನೆನಪಾಗಿ ಕುರ್ಚಿಯಲ್ಲಿ ಸರಿದು ಕೂತ.

ಆ ದಿನಲೆಕ್ಕದ ತಂತ್ರಾಂಶ ಊರ ಬಾವಿಯಂಥದ್ದು. ಯಾರು ಬೇಕಾದರೂ ಸೇದಿಕೊಳ್ಳಬಹುದು, ಯಾರು ಬೇಕಾದರೂ ಇಳಿದು ಹೂಳೆತ್ತಬಹುದು, ಯಾರ ಹೆಸರಿಗೂ ಇಲ್ಲ. ಮೊದಲ ಗುದ್ದಲಿ ಹಾಕಿದವನು ಪಂಬುದಿ. ಮದುವೆಗೆ ದಿನ ನೋಡುವವರು, ಸತ್ತವರಿಗೆ ಅನ್ನ ಹಂಚುವ ದಿನ ನೋಡುವವರು, ಉಪವಾಸದ ತಾಯಂದಿರು, ಎಲ್ಲರ ಫೋನುಗಳೂ ಅದರ ನೀರನ್ನೇ ಕುಡಿಯುತ್ತಿದ್ದವು. ನೀರು ಕೆಡದಂತೆ ಕಾಯಲು ನೂರಾರು ಸಣ್ಣ ಪರೀಕ್ಷೆಗಳು. ಯಾರೇನು ತಿದ್ದಿದರೂ ಅವು ತಾವಾಗಿಯೇ ಓಡಿ, ಎಲ್ಲ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಅವುಗಳಲ್ಲಿ ಒಂದು ಮಾತ್ರ ಕೆಲವೊಮ್ಮೆ ಹಸಿರು, ಕೆಲವೊಮ್ಮೆ ಕೆಂಪು, ಯಾರೂ ಏನೂ ಮುಟ್ಟದಿದ್ದರೂ. ಇಂಥವನ್ನು ಈ ಕಸುಬಿನವರು ಚಂಚಲ ಎಂದು ಕರೆದು, ಮನೆಯ ಹುಚ್ಚು ಸೋದರಮಾವನನ್ನು ನೋಡುವಂತೆ ನೋಡುತ್ತಾರೆ. ಮಾತು ಕಿವಿಗೆ ಬೀಳುತ್ತದೆ, ಯಾರೂ ಉತ್ತರಿಸುವುದಿಲ್ಲ. ಆ ಪರೀಕ್ಷೆ ಇವತ್ತಿನ ದಿನ ಯಾವುದೆಂದು ಎರಡು ದಾರಿಯಿಂದ ಲೆಕ್ಕ ಹಾಕಿ, ಎರಡೂ ಕೂಡಿತೇ ಎಂದು ನೋಡುತ್ತಿತ್ತು. ಒಂದು ದಾರಿ ಪಂಬುದಿಯದು, ಇನ್ನೊಂದು ಯಾವಾಗಲೋ ಬಂದು ಹೋದ ಯಾರದೋ. ಕೆಂಪು ಕಂಡಾಗ ಪಂಬುದಿ ಯಂತ್ರ ಮುಚ್ಚಿ ಮಲಗಿ, ಬೆಳಿಗ್ಗೆ ಎದ್ದು ಮತ್ತೆ ಕೇಳುತ್ತಿದ್ದ. ಬೆಳಿಗ್ಗೆ ಅದು ಹಸಿರು. ಕೊನೆಗೆ ಬೇಸತ್ತು, ಪರೀಕ್ಷೆಗಳು ಬೆಳಗಿನ ಹೊತ್ತು ಮಾತ್ರ ಓಡುವಂತೆ ಕಟ್ಟಿಹಾಕಿದ. ಆಮೇಲೆ ಕೆಂಪು ಕಾಣಲೇ ಇಲ್ಲ.

"ಈಗ ಓಡಸ್ತೀನಿ, ನೋಡು," ಎಂದು ರೋಸಿತಾ ಪರೀಕ್ಷೆ ಓಡಿಸಿದಳು. ಹಸಿರು. "ಈಗ ಬಾಯಿ ಮುಚ್ಚಿಕೊಂಡು ಸೂರ್ಯನ್ನ ನೋಡು."

ಇಬ್ಬರೂ ನೋಡಿದರು. ಭೂಮಿಯ ಆ ಬದಿಯಲ್ಲಿ ಒಂದು ಕೆಂಪು ಬಿಲ್ಲೆ ನೀರಿನಾಚೆಯ ಮನೆಗಳ ಹಿಂದೆ ಇಳಿಯುತ್ತಿತ್ತು. ಈ ಬದಿಯಲ್ಲಿ ಮಸೀದಿಯಿಂದ ಬೆಳಗಿನ ಅಜಾನ್ ಎದ್ದಿತು. ಕರೆ ಕೇಳುತ್ತಿದ್ದಂತೆ ಪಂಬುದಿಗೆ ಎಂದಿನಂತೆ ಮಗು ಹುಟ್ಟಿದ ಸಂಜೆಯ ಆಸ್ಪತ್ರೆಯ ಮೊಗಸಾಲೆ ಬಂದು ಎದುರಿಗೆ ನಿಂತಿತು. ಹಸಿರು ಬಣ್ಣದ ಬೆಂಚು, ಅದರ ಮೇಲೆ ಯಾರೋ ಮರೆತ ಟೋಪಿ, ಬಾಗಿಲ ಮೇಲೆ ಉರಿಯುವ ದೀಪ. ಸೂರ್ಯ ಮುಳುಗಿದಾಗಿನ ಮಗ್ರಿಬಿನ ಅಜಾನ್. ಮಗುವಿನ ಅಳು. ಯಾವುದು ಮೊದಲು? ಒಂದು ದಿನ ನೆನೆದರೆ ಅಳು ಮೊದಲು ಬರುತ್ತಿತ್ತು, ಅಳುವನ್ನು ಕೇಳಿಯೇ ಅಜಾನ್ ಎದ್ದಂತೆ. ಇನ್ನೊಂದು ದಿನ ನೆನೆದರೆ ಅಜಾನ್ ಮುಗಿದು, ಒಂದು ದೊಡ್ಡ ಮೌನವಿದ್ದು, ಆ ಮೌನದಲ್ಲಿ ತಾನು ಪ್ರಾರ್ಥನೆಗೆ ಹೋಗಲೋ ಇಲ್ಲೇ ಕೂರಲೋ ಎಂದು ಟೋಪಿಯನ್ನು ನೋಡುತ್ತಿರುವಾಗ ಅಳು ಬರುತ್ತಿತ್ತು. ಏನೂ ಮುಟ್ಟದಿದ್ದರೂ ಹೀಗೊಮ್ಮೆ ಹಾಗೊಮ್ಮೆ.

"ಮುಳುಗಿದ," ಎಂದಳು ರೋಸಿತಾ. ಗುಂಡಿ ಒತ್ತಿದಳು. ಕೆಂಪು. "ಕಂಡ್ಯಾ? ಇದಕ್ಕ ಹುಚ್ಚ ಹಿಡಿದಿಲ್ಲ ಅಣ್ಣಾ. ದಿನಾ ಸಂಜೀಕ ಒಂದ ಮಾತ ಹೇಳತೈತಿ. ಇನ್ನೊಂದ ಲೆಕ್ಕ ದಿನಾನ ಮಗ್ರಿಬಿಗೆ ತಿರಗಸತೈತಿ, ನಿನ್ನ ಲೆಕ್ಕ ನಡುರಾತ್ರಿಗೆ ತಿರಗಸತೈತಿ, ಆಫೀಸಿನ ಗಡಿಯಾರದಂಗ. ಜಾವಾದಾಗ ಹುಟ್ಟಿದಾವ ನೀನು, ದಿನ ಯಾವಾಗ ತಿರಗತೈತಿ ನಾ ನಿನಗ ಹೇಳಬೇಕೇನು?"

ಹೇಳಬೇಕಾಗಿರಲಿಲ್ಲ. ಸೂರ್ಯ ಮುಳುಗಿದೊಡನೆ ಮರುದಿನ ಹುಟ್ಟುತ್ತದೆ ಎಂದು ಕೋತಗೆದೆಯ ಕೋಳಿಗೂ ಗೊತ್ತು. ಗುರುವಾರದ ಸಂಜೆಯನ್ನು ಶುಕ್ರವಾರದ ಇರುಳು ಎಂದೇ ಅವನು ಆಡಿಕೊಂಡು ಬೆಳೆದದ್ದು. ಅದು ಮೈಗೆ ಗೊತ್ತಿತ್ತು. ಬೆರಳುಗಳು ಮಾತ್ರ ಎಲ್ಲೋ ಬೇರೆ ಕಡೆ ಕಲಿತು ಬಂದಿದ್ದವು.

"ಸಂಜೀ ಹುಟ್ಟಿದ ಕೂಸುಗಳಿಗೆಲ್ಲ ನಿನ್ನ ಲೆಕ್ಕ ಒಂದ ದಿನ ಹಿಂದ," ಎಂದು ಅವಳು ನಕ್ಕಳು. "ಎಷ್ಟ ಮಂದಿ ತಾಯಂದಿರು ತಪ್ಪ ದಿನ ಹಸಕೊಂಡಿದ್ದಾರೋ!"

"ಹಾಗಾದರೆ," ಎಂದ ಪಂಬುದಿ. ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. "ಮಂಗಳವಾರ ಲೆಗಿಯ ಸಂಜೆ ಹುಟ್ಟಿದವರು..."

"ಬುಧವಾರ ಪಾಹಿಂಗ್. ಮತ್ತೇನು? ಯಾಕ, ಯಾರು ಹುಟ್ಟ್ಯಾರ?"

"ಯಾರೂ ಇಲ್ಲ," ಎಂದ.

ಪರದೆ ಆರಿಸಿ ಕೈಕಾಲು ತೊಳೆದು ಪ್ರಾರ್ಥನೆಗೆ ನಿಂತ. ಬಾಗಿದಾಗ ಎಷ್ಟನೆಯ ಸಲ ಬಾಗಿದೆನೆಂದು ಮರೆತುಹೋಯಿತು. ಮತ್ತೆ ಮೊದಲಿಂದ ನಿಂತ. ಮತ್ತೆ ಮರೆಯಿತು. ಮೂರನೆಯ ಸಲ ನಿಲ್ಲಲು ಹೋದವನಿಗೆ, ತಾನು ದೇವರ ಎದುರಿಗೂ ಹಸಿರು ಬರುವವರೆಗೆ ಗುಂಡಿ ಒತ್ತುತ್ತಿದ್ದೇನೆ ಎನಿಸಿ, ಚಾಪೆಯ ಮೇಲೆ ಕುಸಿದು ಕೂತು, ಏನನ್ನೂ ಕೇಳದೆ ಎದ್ದುಬಿಟ್ಟ.

ಲೆಗಿ ಎಂದರೆ ಸಿಹಿ ಕೂಡ. ಆ ಸಂತೆದಿನದ ಹೆಸರೂ ಅದೇ, ಸಿಹಿಯ ಹೆಸರೂ ಅದೇ. ಮಗುವಿಗೆ ಕಿನಾಂತಿ ಎಂದು ಹೆಸರಿಟ್ಟದ್ದು ಪಂಬುದಿ. ಆದರೆ ಆ ಹೆಸರು ಶಾಲೆಯ ಪಟ್ಟಿಗೂ ಕೊನೆಗೆ ಗೋರಿಯ ಕಲ್ಲಿಗೂ ಮಾತ್ರ ಬಂತು. ಯುಸ್ನಿದಾರ್ ಕಡಲಾಚೆಯ ಮಿನಂಗ್ ಸೀಮೆಯವಳು. ಅವಳ ಕಡೆ ಈ ಐದು ದಿನಗಳ ಲೆಕ್ಕವೇ ಇಲ್ಲ. ಹೆರಿಗೆಯ ಮಾರನೆಯ ವಾರ ಅವನು ಆಸ್ಪತ್ರೆಯ ಚೀಟಿಯಲ್ಲಿದ್ದ ತಾರೀಖನ್ನು ತನ್ನ ತಂತ್ರಾಂಶಕ್ಕೆ ಉಣಿಸಿ, "ಮಂಗಳವಾರ, ಲೆಗಿ" ಎಂದು ಓದಿದಾಗ, "ಲೆಗಿ ಅಂದ್ರೆ ಸಿಹಿ ಅಲ್ವಾ?" ಎಂದು ಕೇಳಿ, ಮಗುವಿನ ಹಣೆಗೆ ಮೂಗು ತಾಗಿಸಿ, "ಲೆಗಿ, ಏ ಲೆಗಿ" ಎಂದು ಕರೆದಿದ್ದಳು. ಅವತ್ತಿಂದ ಅದೇ ಹೆಸರು. ಮಗು ಓಡಾಡುವಾಗ ಅದೇ, ಜ್ವರದಲ್ಲಿ ಬೇಯುವಾಗ ಅದೇ, ಕೈಗೆ ಸೂಜಿ ಚುಚ್ಚಿದವರು "ಹೆಸರೇನಮ್ಮ?" ಎಂದಾಗ ಮಗು ಹೇಳಿದ್ದೂ ಅದೇ. ಲೆಗಿಯ ಮರುದಿನ ಪಾಹಿಂಗ್. ಅಜಾನ್ ಆದ ಮೇಲೆ ಹುಟ್ಟಿದ್ದರೆ ಮಗುವಿನ ದಿನ ಅದು. ಹಿರಿಯರ ಮೇಲಿನ ನುಡಿಯಲ್ಲಿ ಪಾಹಿಂಗಿಗೆ ಕಹಿ ಎಂದೇ ಹೆಸರು. ಹೇಳಿದರೆ ಉಪವಾಸ ಒಂದೇ ತಪ್ಪುವುದಿಲ್ಲ, ಹೆಸರೂ ಹೋಗುತ್ತದೆ. ಅವಳ ಹತ್ತಿರ ಉಳಿದಿರುವುದು ಅವೆರಡೇ. ಸಂಜೆ ಅವಳು ಉಪವಾಸ ಬಿಡುವುದರೊಳಗೆ ಹೇಳಬೇಕು, ಇಲ್ಲವಾದರೆ ಎಂದೂ ಹೇಳುವುದಿಲ್ಲ ಎಂದು ಅವನಿಗೆ ತನ್ನ ಬಗ್ಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಎದ್ದು ಕೇಳಿಕೊಂಡರೆ ತನ್ನೊಳಗೆ ಎಲ್ಲವೂ ಹಸಿರಾಗಿರುತ್ತದೆ.

ಮಧ್ಯಾಹ್ನ ಅವಳು, ಜಾವಾದ ಹೆಂಡತಿಯರು ಗಂಡನನ್ನು ಕರೆಯುವಂತೆ ಮಾಸ್ ಎಂದು ಕರೆದು, ಚೀಲ ಕೊಟ್ಟಳು. "ಮಾಸ್, ಸಂತೆಗೆ ಹೋಗಿ ಬರ್ತೀರಾ? ತೆಂಪೆ ತನ್ನಿ, ಬೆಲ್ಲದಲ್ಲಿ ಬೇಯಿಸಿದ್ದು. ಸ್ವಲ್ಪ ಜಾಸ್ತಿನೇ ತನ್ನಿ. ಮೊಟ್ಟೆ. ಕಿಪೊ ಮರೀಬೇಡಿ."

"ಇಷ್ಟು ಯಾಕೆ? ನಾವಿಬ್ಬರೇ."

"ಬೇಕಾಗುತ್ತೆ," ಎಂದು ಬಾವಿಕಟ್ಟೆಯ ಕಡೆ ನಡೆದಳು. ಅವಳ ಮುಖವನ್ನು ಅವನು ಸರಿಯಾಗಿ ನೋಡಲಿಲ್ಲ. ನೋಡಿದ್ದರೆ ಬಾಯಿ ಬಿಡಬೇಕಾಗುತ್ತಿತ್ತು.

ಲೆಗಿಯ ದಿನ ಕೋತಗೆದೆಯ ಸಂತೆ ತನ್ನ ಚಾವಣಿಯಲ್ಲಿ ಹಿಡಿಸದೆ ರಸ್ತೆಗೆ ಉಕ್ಕುತ್ತದೆ. ಬುಟ್ಟಿಯಿಂದ ಕತ್ತು ಚಾಚಿದ ಕೋಳಿಗಳು, ಪಂಜರದ ಹಕ್ಕಿಗಳು, ಕುಂಡದ ಗಿಡಗಳು, ಹಳೇ ಬೀಗಗಳು. ಓಣಿಯ ತುದಿಯಲ್ಲಿ ಬೆಳ್ಳಿಯ ತಗಡಿಗೆ ಸುತ್ತಿಗೆ ಹಾಕುತ್ತಿದ್ದ ಮುದುಕ ಜುಮಾಡಿ ಅವನನ್ನು ಕಂಡು ಸುತ್ತಿಗೆ ಎತ್ತಿ ತಡೆದ. "ಏನಪ್ಪಾ ದಿನಲೆಕ್ಕದ ಸಾಹೇಬ, ನಿಮ್ಮ ಯಂತ್ರ ಇವತ್ತು ಲೆಗಿ ಅಂತ ಒಪ್ಪಿಕೊಂಡಿದೆಯೋ? ಹೆಂಗಸರು ಪಾಪ ಕೋಳಿ ಹೊತ್ಕೊಂಡು ಬಂದುಬಿಟ್ಟಿದಾರೆ. ಆಮೇಲೆ ಅಲ್ಲ ಅಂದ್ರೆ ಎಲ್ಲಿಗೆ ಹೊತ್ಕೊಂಡು ಹೋಗಬೇಕು?"

ಪಕ್ಕದ ಅಂಗಡಿಯವರು ನಕ್ಕರು. ಪಂಬುದಿಯೂ ನಕ್ಕ. ನಗು ಮುಖದ ಮೇಲೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನಿಂತುಬಿಟ್ಟಿತು.

"ಸಂಜೆ ಆದ್ರೆ ಅಲ್ಲ ಅನ್ನುತ್ತೆ, ಮಾಮ."

"ಸಂಜೆ ಆದ್ರೆ ನಾನೂ ಅಲ್ಲ ಅಂತೀನಿ. ಅದಕ್ಕೆ ಯಂತ್ರ ಯಾಕೆ?" ಎಂದು ಜುಮಾಡಿ ಮತ್ತೆ ಬೆಳ್ಳಿಗೆ ಬಾಗಿದ. ಆಮೇಲೆ ತಲೆ ಎತ್ತದೆ, ದನಿ ತಗ್ಗಿಸಿ, "ಇವತ್ತು ಮಗುವಿನ ದಿನ ಅಲ್ಲವೇನಪ್ಪಾ? ನಿನ್ನ ಹೆಂಡತಿ ಹೋದ ಸಲ ಹೇಳ್ತಾ ಇದ್ಲು. ಒಳ್ಳೇ ಹೆಣ್ಣುಮಗಳು. ಹೊರಗಿನವಳಾದ್ರೂ ನಮ್ಮವರಿಗಿಂತ ನೇಮ," ಎಂದ.

ನೇಮ ಎಂಬ ಪದ ಸಂತೆಯುದ್ದಕ್ಕೂ ಅವನ ಹಿಂದೆ ಬಂತು. ಸೋಯಾಕಾಳಿನ ತೆಂಪೆ ಕಟ್ಟಿಸಿಕೊಂಡ, ಮೊಟ್ಟೆ ಆರಿಸಿದ. ಹೆಂಗಸೊಬ್ಬಳ ಕೋಳಿ ತಪ್ಪಿಸಿಕೊಂಡು ಅವನ ಕಾಲಡಿ ನುಗ್ಗಿ, ಅವನು ಹಿಡಿಯಲು ಬಾಗಿ, ಹಿಡಿಯಲಾಗದೆ, "ಬಿಡಿ ಸ್ವಾಮಿ, ನಿಮ್ಮ ಕೈಯಲ್ಲಾಗಲ್ಲ" ಎನ್ನಿಸಿಕೊಂಡ. ನಿಜ, ಕೈಯಲ್ಲಾಗುವುದಿಲ್ಲ. ಮಗು ತೀರಿಕೊಂಡ ಆ ವಾರ ಜ್ವರ ಏರಿದ ರಾತ್ರಿ ಯುಸ್ನಿದಾರ್, "ಮಾಸ್, ಈಗಲೇ ಕರ್ಕೊಂಡು ಹೋಗೋಣ" ಎಂದಿದ್ದಳು. ಅವನು ಹಣೆ ಮುಟ್ಟಿ ನೋಡಿ, "ಬೆಳಿಗ್ಗೆವರೆಗೆ ನೋಡೋಣ" ಎಂದಿದ್ದ. ಬೆಳಿಗ್ಗೆ ಜ್ವರ ಇಳಿದಿತ್ತು. ಮಗು ಕಿಪೊ ಕೇಳಿತ್ತು. ಇಳಿದ ಜ್ವರವೇ ಆ ರೋಗದ ಮೋಸ ಎಂದು ಆಮೇಲೆ ವೈದ್ಯರು ಹೇಳಿದರು, ಬಹಳ ಮೆಲ್ಲಗೆ, ಯಾರ ತಪ್ಪೂ ಅಲ್ಲವೆಂಬಂತೆ. ಬೆಳಿಗ್ಗೆ ಕೇಳಿದರೆ ಎಲ್ಲವೂ ಸರಿಯಿರುತ್ತದೆ. ಯಾವ ದೇವರು ತನಗೆ ಈ ಒಂದೇ ಪಾಠವನ್ನು ಎರಡು ಪುಸ್ತಕದಲ್ಲಿ ಬರೆದುಕೊಟ್ಟನೋ, ತಾನು ಎರಡನ್ನೂ ಓದದೆ ಮುಚ್ಚಿಟ್ಟೆನೋ ಎಂದುಕೊಳ್ಳುತ್ತಾ ಕಿಪೊ ಮಾರುವ ಅಜ್ಜಿಯ ಮುಂದೆ ಬಂದು ನಿಂತಿದ್ದ. ಬಾಳೆಲೆಯ ಮೇಲೆ ಅಕ್ಕಿಹಿಟ್ಟಿನ ಆ ತಿಂಡಿ ಹಸಿರು ಹಸಿರಾಗಿ, ಮಗುವಿನ ಹೆಬ್ಬೆರಳಿನಷ್ಟೇ ಗಾತ್ರ, ಒಳಗೆ ಬೆಲ್ಲ ಕಾಯಿತುರಿ. ಲೆಗಿ ಅವನ್ನು ಒಂದೊಂದಾಗಿ ಬೆರಳಿಗೆ ಅಂಟಿಸಿಕೊಂಡು, "ನೋಡು, ಉಗುರು ಬಂತು" ಎನ್ನುತ್ತಿದ್ದಳು. ಹೇಳಬೇಕು, ಎಂದುಕೊಂಡ. ಹೇಳಬಾರದು, ಎಂದುಕೊಂಡ. ತಪ್ಪು ದಿನ ಹಸಿದರೂ ಹಸಿವು ಹಸಿವೇ ಅಲ್ಲವೇ, ದೇವರು ಗಡಿಯಾರ ಹಿಡಿದು ಕೂತಿರುತ್ತಾನೆಯೇ? ಆದರೆ ಹೀಗೆ ದೇವರ ಪರವಾಗಿ ತಾನು ಉತ್ತರ ಬರೆದುಕೊಳ್ಳುವುದೂ ಒಂದು ಗುಂಡಿ ಒತ್ತಿದ ಹಾಗೆಯೇ ಎಂದು ತಕ್ಷಣ ಹೊಳೆದು, ಚೀಲ ಕೈಬದಲಿಸಿದ.

ಮನೆಗೆ ಬಂದಾಗ ಇಳಿಬಿಸಿಲು ಓಣಿಯ ಗೋಡೆಯನ್ನು ಅರ್ಧ ಬಿಟ್ಟುಹೋಗಿತ್ತು. ಅಡುಗೆಮನೆಯ ಹಲಗೆಯ ಮೇಲೆ ಯುಸ್ನಿದಾರ್ ಒಂದು ಲೋಟ ನೀರಿಟ್ಟು, ಅದರ ಪಕ್ಕ ತಟ್ಟೆಯಲ್ಲಿ ಎರಡು ಕಿಪೊ ಇಟ್ಟಳು. ಒಂದನ್ನು ತಿನ್ನುತ್ತಾಳೆ. ಇನ್ನೊಂದು ಹಾಗೇ ಇರುತ್ತದೆ, ಬೆಳಗಾದಾಗ ಇರುವೆಗಳು ಅದನ್ನು ಹೊತ್ತಿರುತ್ತವೆ. ಅವಳು ಕೂತಳು. ಅವನು ಎದುರಿಗೆ ಕೂತ. ಹೊರಗೆ ಸಂತೆ ಕಟ್ಟಿಕೊಂಡು ಹೋಗುವವರ ಸೈಕಲ್ಲುಗಳ ಸದ್ದು. ಉಪವಾಸ ಬಿಡುವ ಹೊತ್ತಿನ ಆ ಕೊನೆಯ ಗಳಿಗೆಗಳಲ್ಲಿ ಜಗತ್ತೆಲ್ಲ ಉಸಿರು ಹಿಡಿದು ನಿಲ್ಲುತ್ತದೆ ಎಂದು ಅವನ ತಾಯಿ ಹೇಳುತ್ತಿದ್ದಳು. ಆ ಹೊತ್ತಿನಲ್ಲಿ ಬೇಡಿದ್ದು ಬರಿಗೈಯಲ್ಲಿ ಹಿಂದಿರುಗುವುದಿಲ್ಲವಂತೆ. ಅವನು ಧೈರ್ಯ ಬೇಡಿದ. ಬಾಯಿ ತೆರೆದ. "ಯುಸ್," ಎಂದ.

ಆಗ ಅಜಾನ್ ಎದ್ದಿತು.

ಅವಳು ನೀರು ಕುಡಿದಳು. ಒಂದು ಗುಟುಕು, ಇನ್ನೊಂದು. ಕಿಪೊ ಮುಟ್ಟಲಿಲ್ಲ. ಕರೆ ಮುಗಿಯುವವರೆಗೂ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

"ಇಷ್ಟೇ ಹೊತ್ತು," ಎಂದಳು ಆಮೇಲೆ. "ಇದು ಮುಗಿದು, ಇಷ್ಟೇ ಹೊತ್ತು ಆದ ಮೇಲೆ ಹುಟ್ಟಿದ್ದು ಅವಳು. ನಾನು ಮಲಗಿದ್ದಲ್ಲಿಂದ ಕೇಳಿಸ್ತಿತ್ತು. ಮುಗೀತು, ಇನ್ನೂ ಬರಲಿಲ್ಲವಲ್ಲ ಅಂತ ಹೆದರಿದ್ದೆ. ಆಮೇಲೆ ಬಂದ್ಲು."

ಅವನಿಗೆ ಮೊಗಸಾಲೆ ಕಂಡಿತು. ಬೆಂಚು, ಟೋಪಿ, ಮೌನ. ಅಳು. ಅದು ಇನ್ನು ಮೇಲೆ ಹೀಗೊಮ್ಮೆ ಹಾಗೊಮ್ಮೆ ಆಗುವುದಿಲ್ಲವೆಂದು ಅರ್ಥವಾಯಿತು. ಅದೂ ಒಂದು ಕಳೆದುಕೊಂಡದ್ದೇ.

"ನಿನಗೆ ಗೊತ್ತಿತ್ತಾ?"

"ದಿನ ಸಂಜೆಗೆ ತಿರುಗುತ್ತೆ ಅಂತ ಗೊತ್ತಿತ್ತು. ಆದ್ರೆ ನೀವು ಲೆಕ್ಕ ಹಾಕಿ ಹೇಳಿದ್ರಿ. ಲೆಕ್ಕದಲ್ಲಿ ಅದೆಲ್ಲ ಸೇರಿರಬೇಕು ಅಂದ್ಕೊಂಡೆ. ನಮ್ಮ ಕಡೆ ಇಲ್ಲದ ಲೆಕ್ಕ, ನಾನೇನು ಹೇಳಲಿ?" ಲೋಟ ಕೆಳಗಿಟ್ಟಳು. "ಇವತ್ತು ಬೆಳಿಗ್ಗೆ ಕೇಳಿಸ್ತು. ಈ ಗೋಡೆ ತೆಳ್ಳಗಿದೆ, ಮಾಸ್."

"ಹಾಗಾದರೆ ಇವತ್ತು ಯಾಕೆ..."

"ಆಗಲೇ ಉಂಡಿದ್ದೆ. ಉಪವಾಸ ಇರ್ತೀನಿ ಅಂತ ಮನಸ್ಸಿನಲ್ಲಿ ಹೇಳಿಕೊಂಡುಬಿಟ್ಟಿದ್ದೆ. ಹೇಳಿಕೊಂಡದ್ದನ್ನ ಹೇಗೆ ವಾಪಸ್ ತಗೊಳ್ಳೋದು?"

ಅವನು ಏನೇನೋ ಹೇಳಿದ. ನಡುರಾತ್ರಿ, ಸೂರ್ಯ, ಎರಡು ದಾರಿ, ಬೆಳಿಗ್ಗೆಗೆ ಕಟ್ಟಿಹಾಕಿದ್ದು, ರೋಸಿತಾಳ 'ನೋಡು'. ದಿನವಿಡೀ ಜೋಡಿಸಿಟ್ಟಿದ್ದ ಮಾತುಗಳು ಒಂದರ ಮೇಲೊಂದು ಬಿದ್ದವು. ಅವಳು ತಾಳ್ಮೆಯಿಂದ ಕೇಳಿದಳು. ಮೈ ಸರಿಯಿಲ್ಲದವರ ಮಾತು ಕೇಳುವಂತೆ.

"ದಿನ ಹೋದ್ರೆ ಹೋಗಲಿ," ಎಂದಳು. "ಒಂದು ದಿನ ಮುಂಚೆ ಹೋಗಿ ಕಾದ ಹಾಗಾಯ್ತು, ಅಷ್ಟೇ. ಕಾದಿದ್ದೀನಿ, ಅದೇನು ಹೊಸದಲ್ಲ." ದನಿ ಅಲ್ಲಿಯವರೆಗೆ ಸಮವಾಗಿತ್ತು. "ಆ ಹೆಂಗಸು ಕೇಳಿದ್ಲು, ಯಾರು ಹುಟ್ಟಿದಾರೆ ಅಂತ. ನೀನು ಯಾರೂ ಇಲ್ಲ ಅಂದೆ."

ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಅವನನ್ನು 'ನೀನು' ಎಂದದ್ದು ಇದೇ ಮೊದಲು. ಅದು ಚುಚ್ಚಲಿಲ್ಲ. ನೇರವಾಗಿ ಒಳಗೆ ಹೋಗಿ ಅಲ್ಲಿ ಕೂತುಕೊಂಡಿತು. ಅವನು ಅತ್ತನೋ ಏನೋ. ಅಡುಗೆಮನೆಯ ದೀಪ ಇನ್ನೂ ಹಚ್ಚಿರಲಿಲ್ಲ. ಅವಳು ಎದ್ದು ಹಚ್ಚಲೂ ಇಲ್ಲ.

ಮಗ್ರಿಬಿಗೆ ನಿಂತಾಗ ಅವನು ಎಣಿಸಲಿಲ್ಲ. ಪಕ್ಕದಲ್ಲಿ, ಒಂದು ಹೆಜ್ಜೆ ಹಿಂದೆ, ಅವಳ ಬಟ್ಟೆಯ ಸದ್ದು ಬಾಗಿದಾಗ ತಾನೂ ಬಾಗಿದ. ಮುಂದೆ ನಿಂತವನು ಹಿಂದೆ ನಿಂತವಳನ್ನು ಅನುಸರಿಸಬಾರದೆಂದು ಶಾಸ್ತ್ರ. ದೇವರು ಕ್ಷಮಿಸುವವನು.

ಆಮೇಲೆ ಮೇಜಿನ ಮುಂದೆ ಕೂತು ಯಂತ್ರ ತೆರೆದ. ಪರೀಕ್ಷೆಗಳನ್ನು ಬೆಳಿಗ್ಗೆಗೆ ಕಟ್ಟಿಹಾಕಿದ್ದ ಸಾಲನ್ನು ಹುಡುಕಿ ಅಳಿಸಿದ. ಅದರ ಕೆಳಗೆ ಒಂದು ಹೊಸ ಪರೀಕ್ಷೆ ಬರೆದ. ಮಂಗಳವಾರ ಲೆಗಿ, ಸೂರ್ಯ ಮುಳುಗಿದ ಮೇಲೆ ಹುಟ್ಟಿದ ಮಗು, ಉತ್ತರ ಬುಧವಾರ ಪಾಹಿಂಗ್ ಎಂದು ಬರಬೇಕು. ಪ್ರತಿ ಪರೀಕ್ಷೆಗೂ ಒಂದು ಹೆಸರು ಬೇಕು, ಏನು ಬೇಕಾದರೂ ಆಗಬಹುದು. ಅವನು ಕಿನಾಂತಿ ಎಂದು ಬರೆದ. ಯುಸ್ನಿದಾರ್ ಯಾವಾಗ ಬಂದು ಹಿಂದೆ ನಿಂತಿದ್ದಳೋ, "ಆ ಹೆಸರಲ್ಲ," ಎಂದಳು.

"ಲೆಗಿ ಅಂದ್ರೆ ತಪ್ಪಾಗುತ್ತೆ. ಪಾಹಿಂಗ್ ದಿನ ಹುಟ್ಟಿದವಳಿಗೆ ಲೆಗಿ ಅಂತ..."

"ಹೆಸರಿಟ್ಟದ್ದು ನಾನು. ನಿಮ್ಮ ಲೆಕ್ಕ ಅಲ್ಲ."

ಅವನು ಅಳಿಸಿ, ಲೆಗಿ ಎಂದು ಬರೆದು, ಓಡಿಸಿದ. ಲೆಕ್ಕವನ್ನು ಇನ್ನೂ ತಿದ್ದಿರಲಿಲ್ಲವಾದ್ದರಿಂದ ಎರಡು ಸಾಲು ಕೆಂಪು ಬಂತು. ಒಂದು ಆ ಹಳೆಯ ಚಂಚಲದ್ದು, ಇನ್ನೊಂದು ಅವಳದ್ದು. ಇಬ್ಬರೂ ಅದನ್ನೇ ನೋಡಿದರು.

"ಕೆಂಪಾಗಿದೆಯಲ್ಲ," ಎಂದಳು.

"ನಿಜ ಹೇಳ್ತಾ ಇದೆ. ಇವತ್ತೊಂದು ರಾತ್ರಿ ಹಾಗೇ ಇರಲಿ. ನಾಳೆ ಈ ಎರಡು ಕೆಂಪು ಸಾಲು ಹೇಳಿದ ಹಾಗೆ ತಿದ್ದುತ್ತೀನಿ." ರೋಸಿತಾಳಿಗೆ ಬರೆದ, ಎಲ್ಲರೂ ಓದುವ ಆ ಜಾಗದಲ್ಲೇ, ಮೊದಲ ಸಲ ಕೆಳಗಿನ ನುಡಿಯಲ್ಲಿ: 'ತಂಗಿ, ನೀನು ಹೇಳಿದ್ದು ಆಗಲೂ ಸರಿ ಇತ್ತು, ಈಗಲೂ ಸರಿ. ಯಾರು ಹುಟ್ಟಿದ್ದಾರೆ ಅಂತ ಕೇಳಿದೆಯಲ್ಲ. ನನ್ನ ಮಗಳು.'

ಹಿಂತಿರುಗಿ ನೋಡಿದಾಗ ಅವಳು ಅಲ್ಲಿರಲಿಲ್ಲ. ಅಡುಗೆಮನೆಯಲ್ಲಿ ದೀಪ ಹತ್ತಿತ್ತು. ಸಂತೆಯಿಂದ ತಂದ ತೆಂಪೆಯಲ್ಲಿ ಅರ್ಧವನ್ನು ಅವಳು ಬಾಳೆಲೆಯಲ್ಲಿ ಸುತ್ತಿ ಎತ್ತಿಟ್ಟಿದ್ದಳು. ಪಕ್ಕದಲ್ಲಿ ಮೊಟ್ಟೆ, ತೊಳೆದ ಅಕ್ಕಿ, ಅವಳ ಒಂದು ತಟ್ಟೆ. ಮಧ್ಯಾಹ್ನ ಚೀಲ ಕೊಡುವಾಗಲೇ ಅವಳು ನಾಳೆಯ ಪಾಹಿಂಗಿನ ಸಹೂರಿಗೆ ಲೆಕ್ಕ ಹಾಕಿದ್ದಳು. ಅವಳ ಲೆಕ್ಕದಲ್ಲಿ ನಾಳೆ ಆಗಲೇ ಶುರುವಾಗಿತ್ತು.

"ನನ್ನನ್ನೂ ಎಬ್ಬಿಸು," ಎಂದ ಬಾಗಿಲಲ್ಲಿ ನಿಂತು.

ಅವಳು ಗೂಡಿನಿಂದ ಇನ್ನೊಂದು ತಟ್ಟೆ ತೆಗೆದು, ಸದ್ದಾಗದಂತೆ, ಮೊದಲಿನದರ ಮೇಲೆ ಬೋರಲಾಗಿಟ್ಟಳು.